ಹೊಂಬಾಳಮ್ಮನ ಹಗಲು ಲಾಟೀನು

ಯುದ್ಧ ಎಲ್ಲಿ ನಡೆಯುತ್ತಿದೆ ಎಂದು ನಮ್ಮ ಊರಿನಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ಜರ್ಮನಿ ಎಂದರೆ ಕೊಳ್ಳೇಗಾಲದಿಂದಾಚೆ ಎಲ್ಲೋ ಇರಬೇಕು ಎಂದುಕೊಂಡವರೂ ಇದ್ದರು. ಆದರೆ ಯುದ್ಧ ಬಂದಿದೆ ಎನ್ನುವುದು ಎಲ್ಲರಿಗೂ ತಿಳಿಯಿತು. ಬೆಂಕಿಪೊಟ್ಟಣ ಸಿಗದೆ ತಿಳಿಯಿತು, ಉಪ್ಪು ಸಿಗದೆ ತಿಳಿಯಿತು, ಸೀಮೆಎಣ್ಣೆ ಸಿಗದೆ ಚೆನ್ನಾಗಿಯೇ ತಿಳಿಯಿತು. ಹಾಳಾದವರು ಎಲ್ಲೋ ಹೊಡೆದಾಡಿಕೊಂಡರು, ಕತ್ತಲಾದದ್ದು ಮಾತ್ರ ನಮ್ಮ ಮನೆಗಳಲ್ಲಿ.

ನಮ್ಮೂರು ಕಿರುಗಾವಲಿನಿಂದ ಒಂದೂವರೆ ಮೈಲಿ ಒಳಕ್ಕಿದೆ. ಅಲ್ಲಿ ನಮ್ಮ ಮನೆಗೂ ಹೊಂಬಾಳಮ್ಮನ ಮನೆಗೂ ನಡುವೆ ಒಂದೇ ಗೋಡೆ. ಆಕೆ ಒಗ್ಗರಣೆ ಹಾಕಿದರೆ ನಮ್ಮವ್ವ ಸೀನುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಎತ್ತರದ ಆಳು, ಗಂಟಲೂ ಅಷ್ಟೇ ಎತ್ತರ. ಹೊಲಕ್ಕೆ ದನ ನುಗ್ಗಿಸಿದವನ ಮೂರು ತಲೆಮಾರನ್ನು ಕೂಗಿ ಕರೆಯುತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಚಿಕ್ಕಲಕ್ಷ್ಮಮ್ಮ. ಮಗಳನ್ನು ಕಳಿಸಿ ಇರಲಾರೆನೆಂದು ಕೊತ್ತತ್ತಿಯಿಂದ ನಾಗಯ್ಯ ಎನ್ನುವ ಹುಡುಗನನ್ನು ಮನೆ ಅಳಿಯನಾಗಿ ತಂದುಕೊಂಡಿದ್ದಳು. ನಾಗಯ್ಯ ಬಲು ಸಾಧು. ಅತ್ತೆ ಬೈದರೆ ತಲೆ ಕೆರೆದುಕೊಂಡು ನಗುತ್ತಿದ್ದ. ಅವನು ನಾಲೆಯ ಕಡೆಯವನು, ಗದ್ದೆಯ ಕೆಸರಿನಲ್ಲಿ ಬೆಳೆದವನು. ನಮ್ಮ ಕೆಂಪು ಹೊಲ, ರಾಗಿ, ಹಗೇವು ಇವೆಲ್ಲ ಅವನಿಗೆ ಹೊಸತು.

ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ರಾಗಿ ಸುರಿದು, ಬಾಯಿಗೆ ಚಪ್ಪಡಿ ಹಾಕಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ರಾಗಿ ಕೆಡುವುದಿಲ್ಲ, ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಹಗೇವು ತೆಗೆದರೆ ಅರ್ಧ ದಿನ ಬಾಯಿ ಬಿಟ್ಟು ಆರಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಕ್ಕೆ ಇಳಿಸಬೇಕು. ದೀಪ ಉರಿದರೆ ಆಳು ಇಳಿಯಬಹುದು, ನಂದಿದರೆ ಇಳಿಯಕೂಡದು. ಊರಿನ ಹಗೇವುಗಳನ್ನೆಲ್ಲ ತೆಗೆಯುತ್ತಿದ್ದವನು ಮರಿಯಯ್ಯ. ಅವನು ಎಲ್ಲ ಮನೆಯಲ್ಲೂ ಒಂದೇ ಮಾತು ಹೇಳುತ್ತಿದ್ದ: "ಮೊದ್ಲು ದೀಪ, ಆಮ್ಯಾಕೆ ಆಳು." ಆ ಮಾತು ಊರಿನ ಮಕ್ಕಳಿಗೂ ಬಾಯಿಪಾಠ.

ಹೊಂಬಾಳಮ್ಮನಿಗೆ ಸೀಮೆಎಣ್ಣೆಯ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಚಿಕ್ಕಲಕ್ಷ್ಮಮ್ಮನ ಚೊಚ್ಚಲ ಬಾಣಂತನ ಆ ಮನೆಯಲ್ಲೇ ಆಯಿತು. ಬಾಣಂತಿ ಕೋಣೆಯಲ್ಲಿ ದೀಪ ಆರಕೂಡದು ಎಂಬುದು ನಮ್ಮ ಕಡೆಯ ಪದ್ಧತಿ. ಆಗಲೇ ಎಣ್ಣೆ ಅಪರೂಪವಾಗಿತ್ತು. ಎರಡನೆಯ ರಾತ್ರಿ ಬುಡ್ಡಿಯ ಎಣ್ಣೆ ತೀರಿ ದೀಪ ನಂದಿತು. ಬೆಳಗ್ಗೆ ನೋಡಿದರೆ ಗಂಡುಮಗು ತಣ್ಣಗಾಗಿತ್ತು. ಕತ್ತಲಲ್ಲಿ ಅದಕ್ಕೆ ಏನಾಯಿತೋ ಯಾರಿಗೂ ಕಾಣಲಿಲ್ಲ. ಸೂಲಗಿತ್ತಿ ರೇವಮ್ಮ, ಮಗು ಮೊದಲೇ ಬಡಕಲಾಗಿತ್ತು ಎಂದಳು. ಹೊಂಬಾಳಮ್ಮ ಕೇಳಲಿಲ್ಲ. ದೀಪ ಆರಿತು, ಮಗು ಹೋಯಿತು. ಅವಳ ತಲೆಯಲ್ಲಿ ಅಷ್ಟೇ ಕೂತಿತು. ಮುಂದಿನ ಕೂಸಿಗೆ ದೀಪ ಆರಲು ಬಿಡುವುದಿಲ್ಲ ಎಂದು ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದಳು.

ಅದಾದ ಮೇಲೆ ರಂಗೂನು ಜಪಾನಿನವರ ಪಾಲಾಯಿತು. ಮೈಸೂರಿನ ಕಡೆಯಿಂದ ಬಂದ ಬಸ್ಸಿನಿಂದ ಯಾರೋ ಇಳಿದು, ಇನ್ನು ಮೇಲೆ ಸೀಮೆಎಣ್ಣೆಯ ಹಡಗು ಬರುವುದೇ ಇಲ್ಲ, ಉಪ್ಪೂ ನಿಲ್ಲುತ್ತದೆ ಎಂದು ಬಾಯಿ ಹರಿದುಕೊಂಡ. ಅವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿರುಗಾವಲಿನ ಅಂಗಡಿಯ ಮುಂದೆ ಸುತ್ತಲಿನ ಹಳ್ಳಿಯ ಜನವೆಲ್ಲ ಮುತ್ತಿಕೊಂಡರು. ಕೈಗೆ ಸಿಕ್ಕ ಚೊಂಬು, ಗಡಿಗೆ, ಸೋರೆಬುರುಡೆ ಎಲ್ಲ ಬಂದವು. ಉಪ್ಪಿನ ಮೂಟೆಗೆ ಕೈಹಾಕಿ ಬೊಗಸೆ ಬೊಗಸೆ ಮಡಿಲಿಗೆ ತುಂಬಿಕೊಂಡವರು ಸಭ್ಯಸ್ಥರ ಮನೆಯ ಹೆಂಗಸರೇ. ಮನೆಯಲ್ಲಿ ಎರಡು ವರ್ಷಕ್ಕಾಗುವ ಉಪ್ಪಿದ್ದವನೂ ಕೊಂಡ, ಉಪ್ಪಿನಕಾಯಿಯನ್ನೇ ಹಾಕದವಳೂ ಕೊಂಡಳು. ಒಬ್ಬ ಮುದುಕಿ ನೂಕಾಟದಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಅವಳನ್ನು ದಾಟಿಕೊಂಡೇ ಜನ ಒಳಗೆ ನುಗ್ಗಿದರು. ಥೂ, ಅವತ್ತು ಮನುಷ್ಯರು ಮನುಷ್ಯರಾಗಿರಲಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಹೇಳಿದವಳೂ ಅವತ್ತು ಅಲ್ಲೇ ನೂಕುತ್ತಿದ್ದಳು.

ಹೊಂಬಾಳಮ್ಮ ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಿಲಿಂದ ಹೋಗಿ ಅಂಗಡಿಯವನ ಹೆಂಡತಿಯ ಕೈಗೆ ತನ್ನ ಬೆಳ್ಳಿ ಕಡಗ ಬಿಚ್ಚಿ ಕೊಟ್ಟು, ಒಂದು ಡಬ್ಬ ಸೀಮೆಎಣ್ಣೆ ಇಡಿಯಾಗಿ ಹೊರಿಸಿಕೊಂಡು ಬಂದಳು. ಒಂದೂವರೆ ಮೈಲಿ ತಲೆಯ ಮೇಲೆ. ಡಬ್ಬದ ಮೂಲೆ ಒಸರಿ ತಲೆಗೂದಲೆಲ್ಲ ಎಣ್ಣೆ. ಸೀಗೆಪುಡಿ ಹಾಕಿ ಉಜ್ಜಿದರೂ ಆ ನಾತ ಹೋಗಲಿಲ್ಲ. "ಒಂಬಾಳಕ್ಕ ಬಂದ್ಲು, ಬೀಡಿ ಆರಿಸ್ರಲಾ" ಎಂದು ಜಗಲಿಯ ಮೇಲಿನ ಪಡ್ಡೆಗಳು ಕಿಸಿಯುತ್ತಿದ್ದವು. "ನಿಮ್ಮ ಮನೆ ಕತ್ಲಾದಾಗ ನನ್ ತಾವ್ಕೇ ಬತ್ತೀರ ಕಣ್ರಲಾ, ಆಗ ನೋಡ್ಕತೀನಿ" ಎಂದು ಅವಳು ಬೈಯುತ್ತಿದ್ದಳು.

ಹಾಗೇ ಆಯಿತು. ಕತ್ತಲಾಯಿತು, ಜನ ಬಂದರು. ಸೀಮೆಎಣ್ಣೆ ನಿಂತ ಮೇಲೆ ಎಲ್ಲರೂ ಹರಳೆಣ್ಣೆಗೆ ಬಿದ್ದು ಅದೂ ಮಾಯವಾಗಿತ್ತು. ಅವಳು ಕೊಡಲಿಲ್ಲ. ನನ್ನ ತಂಗಿಗೆ ಚೇಳು ಕಚ್ಚಿದ ಸಂಜೆ ನಮ್ಮವ್ವ ಮರಿತಾಯಮ್ಮ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಹೋದಳು.

"ಒಂಬಾಳಕ್ಕ, ಒಂದ್ ಬಟ್ಲು ಎಣ್ಣೆ ಕೊಡಕ್ಕ. ಮಗೀಗೆ ಏನ್ ಕಚ್ತೋ ಕಾಣ್ತಿಲ್ಲ."

"ಅಯ್ಯೋ, ಇವತ್ತು ಸುಕ್ರವಾರ ಕಣ್ ಮರಿತಾಯಿ. ದೀಪ ಹಚ್ಚೋ ಒತ್ನಲ್ಲಿ ಎಣ್ಣೆ ಮನೆಯಿಂದ ಆಚೆಗೆ ಕೊಡ್ತಾರಾ? ಲಕ್ಷ್ಮಿ ಒಂಟೋಯ್ತಾಳೆ."

"ನಾಳೀಕಾದ್ರೂ ಕೊಡ್ತೀಯಾ?"

"ನಾಳೀಕೆ ನೋಡಾನ ಬುಡು."

ನಾಳೆಯೂ ಕೊಡಲಿಲ್ಲ. ಹಾಗೆಂದು ತಾನು ಬೆಳಕಿನಲ್ಲಿ ಕೂತಿದ್ದಳೇ ಎಂದರೆ ಅದೂ ಇಲ್ಲ. ಮೂವರೂ ಒಲೆಯ ಬೆಳಕಿನಲ್ಲೇ ಉಂಡು, ಮೂಲೆ ತಡಕಿ ಚಾಪೆ ಹಾಸುತ್ತಿದ್ದರು. ಡಬ್ಬ ಅವಳು ನಡುಮನೆಯ ಮಣ್ಣಿನ ವಾಡೆಯೊಳಗೆ ಅಡಗಿಸಿಟ್ಟಿದ್ದಳು. ಹಿಂದೆ ಆಳೆತ್ತರದ ಆ ವಾಡೆಯ ತುಂಬ ರಾಗಿ ಇರುತ್ತಿತ್ತು. ಈಗ ಕಾಳು ಮನೆಯೊಳಗೆ ಇಡುವ ಹಾಗಿರಲಿಲ್ಲ, ಸರ್ಕಾರಕ್ಕೆ ಕಾಳು ವಸೂಲಿ ಮಾಡುವ ಲೇವಿಯವರ ಭಯ. ಹೊಲಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಅಳೆದುಕೊಂಡು ಹೋಗುತ್ತಿದ್ದರು. ಮಿಕ್ಕಿದ್ದು ಮನೆಯವರ ಹೊಟ್ಟೆಗೆ ಸಾಲುತ್ತಿರಲಿಲ್ಲ. ಅದಕ್ಕೆ ಊರಿನ ಅರ್ಧ ಜನ ತಮ್ಮ ಹಗೇವು ಇರುವ ಜಾಗವೇ ತಿಳಿಯದಂತೆ ಮಾಡಿದ್ದರು. ಹೊಂಬಾಳಮ್ಮ ಹಿತ್ತಿಲಿನ ಹಗೇವಿನ ಬಾಯಿ ಮುಚ್ಚಿ, ಅದರ ಮೇಲೆ ತಿಪ್ಪೆಯನ್ನೇ ತಂದು ಹಾಕಿದಳು. ಸಗಣಿ ಕೆದಕಿ ನೋಡಲು ಯಾವ ಅಧಿಕಾರಿ ಬರುತ್ತಾನೆ ಎಂದು ನಕ್ಕಿದ್ದಳಂತೆ. ಮಳೆಯ ನೀರು ಆ ತಿಪ್ಪೆಯಿಂದ ಒಳಕ್ಕೆ ಜಿನುಗಿ, ನೆನೆದ ರಾಗಿ ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ ಎಂದು ಯೋಚಿಸಲಿಲ್ಲ.

ಮಾರನೆಯ ವರ್ಷ ಚಿಕ್ಕಲಕ್ಷ್ಮಮ್ಮ ಮತ್ತೆ ಬಸುರಿಯಾದಳು. ಹೊಂಬಾಳಮ್ಮನ ಮುಖ ನೋಡಬೇಕಿತ್ತು ಆಗ. ಗಂಡ ಇದ್ದಾಗ ತಂದಿದ್ದ ಹಳೆಯ ಲಾಟೀನನ್ನು ಅಟ್ಟದಿಂದ ಇಳಿಸಿ, ಗಾಜಿಗೆ ಬೂದಿ ಹಾಕಿ ತಿಕ್ಕಿ, ಹೊಸ ಬತ್ತಿ ಏರಿಸಿ, ಎಣ್ಣೆ ತುಂಬಿ, ಕೋಣೆಯ ಗೂಟಕ್ಕೆ ತೂಗುಹಾಕಿದಳು. ಹಚ್ಚಲಿಲ್ಲ. ಮಗು ಹುಟ್ಟುವ ಮೊದಲು ಬಾಣಂತಿ ದೀಪ ಹಚ್ಚಿದರೆ ಅಪಶಕುನ ಎಂದಳು. ಯಾರು ಹೇಳಿದ ಶಾಸ್ತ್ರವೋ ಅದು! ನಮ್ಮವ್ವ ಕೇಳಿರಲಿಲ್ಲ, ರೇವಮ್ಮನೂ ಕೇಳಿರಲಿಲ್ಲ. ಒಂದು ಕೂಸು ಕಳೆದುಕೊಂಡವಳು ತಾನೇ ಕಟ್ಟಿಕೊಂಡ ಶಾಸ್ತ್ರ ಇರಬೇಕು. ನಾಗಯ್ಯ ದಿನಾ ಹೊಲದಿಂದ ಬಂದವನು ಆ ಗಾಜನ್ನು ಬೆರಳಿನಲ್ಲಿ ತಟ್ಟಿ, "ನನ್ ಮಗ ರಾಜನಂಗೆ ಬೆಳಕ್ನಲ್ಲಿ ಉಟ್ತಾನೆ" ಎಂದು ಹೆಂಡತಿಯನ್ನು ಕೀಟಲೆ ಮಾಡುತ್ತಿದ್ದ.

ಆಷಾಢ ಬಂತು. ಮನೆಯಲ್ಲಿ ರಾಗಿ ತೀರಿತು. ರೇಷನ್ ಡಿಪೋದಲ್ಲಿ ಕೊಟ್ಟದ್ದು ಮುಗ್ಗಲು ಹಿಡಿದ ಜೋಳ. ಬೀಸಿದರೆ ಹಿಟ್ಟಿಗಿಂತ ಹುಳ ಹೆಚ್ಚು. ಅದರ ಮುದ್ದೆ ತಿಂದ ಚಿಕ್ಕಲಕ್ಷ್ಮಮ್ಮ ವಾಂತಿ ಮಾಡಿಕೊಂಡಳು. ದಿನ ತುಂಬಿದ ಬಸುರಿ ಬರೀ ಸೊಪ್ಪಿನ ಸಾರು ಕುಡಿದು ಮಲಗಿದಳು. ಹಗೇವು ತೆಗೆಯದೆ ಬೇರೆ ದಾರಿ ಇರಲಿಲ್ಲ. ಆದರೆ ಲೇವಿಯವರು ಆ ವಾರ ಕಿರುಗಾವಲಿನಲ್ಲೇ ಬೀಡುಬಿಟ್ಟಿದ್ದರು. ಅರ್ಧ ದಿನ ಹಗೇವಿನ ಬಾಯಿ ತೆರೆದಿಟ್ಟರೆ ಊರಿಗೆಲ್ಲ ಡಂಗುರ. ಮರಿಯಯ್ಯನನ್ನು ಕರೆದರೆ ಅವನು ಹೆಂಡದಂಗಡಿಯಲ್ಲಿ ಬಾಯಿ ಬಿಡುತ್ತಾನೆ ಎಂಬ ಗುಮಾನಿ. ಪಾಪ, ಅವನು ಯಾರ ಗುಟ್ಟನ್ನೂ ಯಾವತ್ತೂ ಹೇಳಿದವನಲ್ಲ.

ಜನವೆಲ್ಲ ಹೊಲಕ್ಕೆ ಹೋದ ನಡು ಮಧ್ಯಾಹ್ನ ಹೊಂಬಾಳಮ್ಮ, ನಾಗಯ್ಯ ಇಬ್ಬರೇ ತಿಪ್ಪೆ ಸರಿಸಿ, ಮಣ್ಣು ಕಿತ್ತು, ಚಪ್ಪಡಿ ಎತ್ತಿದರು. ಚಿಕ್ಕಲಕ್ಷ್ಮಮ್ಮ ಹಿತ್ತಿಲ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅಲ್ಲಿ ಆಡಿದ ಮಾತೆಲ್ಲ ಆಮೇಲೆ ನಮ್ಮವ್ವನಿಗೆ ಹೇಳಿದವಳು ಅವಳೇ.

ನಾಗಯ್ಯ ಬಗ್ಗಿ ಒಳಗೆ ನೋಡಿ, ಮೂಗು ಉಜ್ಜಿಕೊಂಡ. "ಅತ್ತೆ, ಒಂಥರಾ ನಾತ ಬತ್ತಾ ಐತೆ."

"ತಿಪ್ಪೆ ಕೆಳಗಿತ್ತಲ್ಲಪ್ಪ, ಮಲ್ಲಿಗೆ ನಾತ ಬಂದಾದಾ?"

"ಮರಿಯಯ್ಯಣ್ಣ ಮೊದ್ಲು ದೀಪ ಅಂತಿರ್ತಾನೆ. ಆ ಲಾಟೀನ ಒಸಿ ಕೊಡಿ, ಇಳಿಸಿ ನೋಡ್ಬುಡಾನ."

"ಅದು ಬಾಣಂತಿ ಕೋಣೆದು, ಅಳಿಯಪ್ಪ. ಅಚ್ಚಬಾರ್ದು."

"ಒಂದ್ ಗಳಿಗೆ ಅಷ್ಟೇ ಅತ್ತೆ."

"ಊರೆಲ್ಲ ಕತ್ಲಲ್ಲಿ ಸಾಯ್ತಾ ಐತೆ, ಹಗಲೊತ್ನಲ್ಲಿ ಎಣ್ಣೆ ಸುಡೋದಾ? ಯುಗಾದಿ ಆದ್ಮೇಲೆ ಇದೇ ಹಗೇವು ತೆಗುದ್ವಲ್ಲ, ಏನಾಯ್ತು ಆಗ? ಒಂಗೆ ಸೊಪ್ ಆಡಿಸಿ ಇಳೀರಿ, ಸಾಕು. ಯಾರಾನಾ ಬಂದಾರು."

ಯುಗಾದಿಯ ಹೊತ್ತಿಗೆ ಮಳೆ ಬಿದ್ದಿರಲಿಲ್ಲ. ಆಗ ಮರಿಯಯ್ಯ ಇದ್ದ, ತನ್ನದೇ ದೀಪ ಇಳಿಸಿದ್ದ. ಅದನ್ನು ಅವಳು ನೆನೆಯಲಿಲ್ಲ. ನಾಗಯ್ಯ ಬಾಗಿಲ ಕಡೆ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು "ಬ್ಯಾಡ" ಎನ್ನಬೇಕೆಂದು ಬಾಯಿ ತೆರೆದಳಂತೆ. ಆದರೆ ಹಸಿವು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ಸುಮ್ಮನಾದಳು. ನಾಗಯ್ಯ ಹೊಂಗೆಯ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ನಾಲ್ಕು ಸಲ ಮೇಲೆ ಕೆಳಗೆ ಆಡಿಸಿದ, ಪಂಚೆ ಎತ್ತಿ ಕಟ್ಟಿದ, ಬಾಯಿಯ ಕಲ್ಲು ಹಿಡಿದು ಇಳಿದ.

"ಬಿಸಿ ಐತೆ ಕಣತ್ತೆ" ಎಂದ. ಅಷ್ಟೇ.

ಹೊಂಬಾಳಮ್ಮ ರಾಗಿ ತುಂಬಲು ಬುಟ್ಟಿ ಇಳಿಬಿಟ್ಟಳು. ಬುಟ್ಟಿಯ ಹಗ್ಗವನ್ನು ಒಳಗಿನಿಂದ ಯಾರೂ ಹಿಡಿಯಲಿಲ್ಲ. "ಅಳಿಯಪ್ಪ" ಎಂದಳು. "ನಾಗಯ್ಯ" ಎಂದಳು. ಯಾರಾದರೂ ಕೇಳಿಸಿಕೊಂಡಾರೆಂದು ಮೊದಲು ಮೆಲ್ಲಗೆ ಕೂಗಿದಳು. ದೇವರೇ, ಆಗಲೂ ಮೆಲ್ಲಗೆ! ಆಮೇಲೆ ಅವಳ ಗಂಟಲು ಬಿಚ್ಚಿಕೊಂಡಿತು. ಆ ಕೂಗಿಗೆ ನಮ್ಮವ್ವ ಹಿತ್ತಿಲ ಗೋಡೆ ಹಾರಿ ಹೋದಳು. ಹೊಂಬಾಳಮ್ಮ ಗುಂಡಿಗೆ ಕಾಲು ಇಳಿಬಿಟ್ಟಿದ್ದಳು. ನಮ್ಮವ್ವ ಅವಳ ಜುಟ್ಟು ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ಇಲ್ಲದಿದ್ದರೆ ಇಬ್ಬರನ್ನೂ ಎತ್ತಬೇಕಾಗುತ್ತಿತ್ತು.

ಹೊಲದಿಂದ ಓಡಿ ಬಂದ ಮರಿಯಯ್ಯ ಮೊದಲು ಕೇಳಿದ್ದು ಒಂದೇ. "ದೀಪ ಇಳಿಸಿದ್ರಾ?"

ಚಿಕ್ಕಲಕ್ಷ್ಮಮ್ಮ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಗೂಟದಿಂದ ಲಾಟೀನು ಇಳಿಸಿ, ಒಲೆಯ ಕೆಂಡದಲ್ಲಿ ಕಡ್ಡಿ ಹೊತ್ತಿಸಿ, ದೀಪ ಹಚ್ಚಿ ತಂದು ಮರಿಯಯ್ಯನ ಕೈಗೆ ಕೊಟ್ಟಳು. ಉರಿಬಿಸಿಲಿನಲ್ಲಿ ಆ ದೀಪ ಉರಿಯುತ್ತಿರುವುದೇ ಕಾಣುತ್ತಿರಲಿಲ್ಲ. ಮರಿಯಯ್ಯ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಗುಂಡಿಯ ಕತ್ತಲಿಗೆ ಇಳಿದ ಮೇಲೆ ಬೆಳಕು ಕಂಡಿತು, ನಾಗಯ್ಯನ ಬೆನ್ನೂ ಕಂಡಿತು, ರಾಗಿಯ ಮೇಲೆ ಮಗ್ಗುಲಾಗಿ ಮಲಗಿದ್ದ. ಇನ್ನೊಂದು ಮೊಳ ಇಳಿಸುವಷ್ಟರಲ್ಲಿ ಉರಿ ಸಣ್ಣಗಾಗಿ ಪಕ್ಕನೆ ನಂದಿತು.

"ಓದ ಕಣ್ರಪ್ಪ" ಎಂದು ಮರಿಯಯ್ಯ ಲಾಟೀನನ್ನು ಮೇಲಕ್ಕೆ ಎಳೆದಿಟ್ಟು ಕೂತ.

ಸೊಪ್ಪು ಆಡಿಸಿ, ನೀರು ಚಿಮುಕಿಸಿ, ಗಾಳಿ ತಿಳಿಯಾಗಿ, ಅವನನ್ನು ಮೇಲೆತ್ತುವ ಹೊತ್ತಿಗೆ ನೆರಳು ಉದ್ದವಾಗಿತ್ತು. ಮೈಯೆಲ್ಲ ರಾಗಿ ಅಂಟಿತ್ತು. ಕಿವಿಯೊಳಗೆ, ರೆಪ್ಪೆಯ ಮೇಲೆ ಕಾಳು. ಚಿಕ್ಕಲಕ್ಷ್ಮಮ್ಮ ಅಳಲಿಲ್ಲ. ಸೆರಗಿನಿಂದ ಒಂದೊಂದೇ ಕಾಳು ಒರೆಸುತ್ತಾ ಕೂತಳು. ಮಾರನೆಯ ದಿನ ಸಾವಿನ ವಿಚಾರಣೆಗೆ ಬಂದವರ ಹಿಂದೆಯೇ ಲೇವಿಯವರೂ ಬಂದರು. ತಿಪ್ಪೆಯ ಪಕ್ಕದಲ್ಲಿ ನಿಂತು ರಾಗಿ ಅಳೆದು ಚೀಲಕ್ಕೆ ತುಂಬಿಸಿದರು. ಅವರಲ್ಲಿ ವಯಸ್ಸಾದ ಒಬ್ಬರು, "ಬಾಣಂತನಕ್ಕೆ ಇರಲಿ" ಎಂದು ಎರಡು ಕೊಳಗ ಬಿಟ್ಟು ಹೋದರು. ಆ ರಾಗಿಯನ್ನು ಮನೆಯವರು ಮುಟ್ಟಲಿಲ್ಲ, ದನವೂ ಮುಟ್ಟಲಿಲ್ಲ. ಅದು ಹಿತ್ತಿಲಲ್ಲೇ ಮೊಳೆತು ಕೊಳೆಯಿತು.

ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಇಡಬೇಕಲ್ಲ, ಅದಕ್ಕೆ ಹೊಂಬಾಳಮ್ಮ ವಾಡೆಯಿಂದ ಡಬ್ಬ ತೆಗೆದಳು. ಬಟ್ಟಲು ತುಂಬಿ ನೆಲವೆಲ್ಲ ಒದ್ದೆಯಾದರೂ ಎಣ್ಣೆ ಬಗ್ಗಿಸುತ್ತಲೇ ಇದ್ದಳು. "ನನ್ ಕೈಯಾರ ಕೊಂದೆ ಕಣ್ ಮರಿತಾಯಿ, ನನ್ ಕೈಯಾರ ಕೊಂದೆ" ಎಂದು ನಮ್ಮವ್ವನ ಕಾಲು ಹಿಡಿದಳು. ನಮ್ಮವ್ವ ಅವಳ ಕೈ ಬಿಡಿಸಿ, ಬಟ್ಟಲಿಗೆ ಬತ್ತಿ ಹಾಕಿ ತಾನೇ ದೀಪ ಹಚ್ಚಿಟ್ಟಳು.

ತಿಥಿ ಆಗುವ ಮೊದಲೇ ಚಿಕ್ಕಲಕ್ಷ್ಮಮ್ಮನಿಗೆ ನೋವು ಬಂತು. ದೀಪ ಹಚ್ಚುವ ಹೊತ್ತು. ರೇವಮ್ಮ ಒಳಗಿನಿಂದ ಬೆಳಕು ತನ್ನಿ ಎಂದು ಕೂಗಿದಳು. ಹೊಂಬಾಳಮ್ಮ ಲಾಟೀನಿನ ಬತ್ತಿ ಪೂರಾ ಏರಿಸಿಕೊಂಡು ಕೋಣೆಯ ಹೊಸಿಲು ದಾಟಿದಳು. ಇಷ್ಟು ದಿನ ಜೀವ ಒತ್ತೆ ಇಟ್ಟ ಹಾಗೆ ಕಾಪಾಡಿಕೊಂಡ ಬೆಳಕಿಗೆ ಇಡೀ ಕೋಣೆ ಝಗಝಗ ಎಂದಿತು.

ಚಿಕ್ಕಲಕ್ಷ್ಮಮ್ಮ ಹಲ್ಲು ಕಚ್ಚಿಕೊಂಡಿದ್ದವಳು ಕಣ್ಣು ಬಿಟ್ಟಳು. "ಅವ್ವ, ಅದನ್ನ ಆಚೆಗೆ ತಕ್ಕೊಂಡೋಗು."

"ಕತ್ಲೆ ಕಣ್ ಮಗಳೇ. ಕೂಸು..."

"ಅವರು ಕೇಳ್ದಾಗ ಕೊಡ್ನಿಲ್ಲ ನೀನು. ನನ್ ಕೂಸಿಗೂ ಬ್ಯಾಡ. ಕತ್ಲಲ್ಲೇ ಉಟ್ಲಿ. ಸತ್ರೆ ಸಾಯ್ಲಿ, ಆ ಬೆಳಕು ಬ್ಯಾಡ."

ರೇವಮ್ಮ ಬೈದಳು, ಬೇಡಿದಳು. ಆ ಹುಡುಗಿ ಮುಖ ಗೋಡೆಗೆ ತಿರುಗಿಸಿ, ಲಾಟೀನು ಇರುವ ತನಕ ತಿಣುಕುವುದಿಲ್ಲ ಎಂದು ಹಟ ಹಿಡಿದಳು. ಹೊಂಬಾಳಮ್ಮ ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದಳು. ಬಾಣಂತಿಯ ಎಣ್ಣೆನೀರಿಗೆಂದು ನಮ್ಮವ್ವ ಕುಡಿಕೆಯಲ್ಲಿ ಒಂದಿಷ್ಟು ಹರಳೆಣ್ಣೆ ಎತ್ತಿಟ್ಟಿದ್ದಳು. ಅದನ್ನೇ ಹಣತೆಗೆ ಹುಯ್ದು, ಸೆರಗು ಮರೆಮಾಡಿಕೊಂಡು ಒಳಗೆ ಒಯ್ದಳು. ಆ ಹಣತೆಯ ಬೆಳಕಿನಲ್ಲಿ ಹೆಣ್ಣುಮಗು ಹುಟ್ಟಿತು. ಬದುಕಿತು. ಹೊಂಬಾಳಮ್ಮ ಅಂಗಳದಲ್ಲಿ ಉರಿಯುವ ಲಾಟೀನು ತೊಡೆಯ ಮೇಲೆ ಇಟ್ಟುಕೊಂಡು ಮಗುವಿನ ಅಳು ಕೇಳಿಸಿಕೊಂಡಳು.

ತಾಯಿ ಮಗಳು ಆಮೇಲೂ ಒಂದೇ ಮನೆಯಲ್ಲಿ ಇದ್ದರು. ಎಲ್ಲಿಗೆ ಹೋಗುತ್ತಾರೆ? ಹಿಟ್ಟು ಬೇಯಿಸಿದೆ, ದನ ಕಟ್ಟು, ಮಗು ಹಿಡಕೋ, ಇಷ್ಟೇ ಮಾತು. ಚಿಕ್ಕಲಕ್ಷ್ಮಮ್ಮ ಆ ಡಬ್ಬದ ಎಣ್ಣೆಯಲ್ಲಿ ಒಂದು ದಿನವೂ ದೀಪ ಹಚ್ಚಲಿಲ್ಲ. ಹೊಂಬಾಳಮ್ಮನ ಗಂಟಲು ಇಳಿದುಹೋಯಿತು. ಹೊಲಕ್ಕೆ ದನ ನುಗ್ಗಿದರೂ ಸುಮ್ಮನೆ ಹೋಗಿ ಅಟ್ಟಿ ಬರುತ್ತಿದ್ದಳು. ಕೇಳಿದವರಿಗೆಲ್ಲ ಎಣ್ಣೆ ಕೊಡುತ್ತೇನೆ ಎಂದಳು. ಈಗ ಕೇಳುವವರೇ ಇರಲಿಲ್ಲ. ಸತ್ತ ಮನೆಯ ಎಣ್ಣೆ ಯಾರಿಗೆ ಬೇಕು?

ಯಾರೂ ಕರೆಯದಿದ್ದರೂ ಅವಳು ಒಂದು ಕೆಲಸ ಹಿಡಿದಳು. ಊರಿನಲ್ಲಿ ಎಲ್ಲಿ ಹಗೇವು ತೆಗೆದರೂ ಆ ಲಾಟೀನು ಹಚ್ಚಿಕೊಂಡು ಹೋಗಿ ನಿಲ್ಲುತ್ತಿದ್ದಳು. ಹಾಡಹಗಲಿನಲ್ಲಿ ಬೀದಿಯ ಉದ್ದಕ್ಕೂ ಉರಿಯುವ ದೀಪ ಹಿಡಿದು ನಡೆಯುತ್ತಿದ್ದಳು. ಮೊದಮೊದಲು ಹೆಂಗಸರು ಬಾಗಿಲು ಹಾಕಿಕೊಂಡರು. ಮರಿಯಯ್ಯ ಮಾತ್ರ ಏನೂ ಹೇಳದೆ ಕೈಚಾಚಿ ಅದನ್ನು ತೆಗೆದುಕೊಳ್ಳುತ್ತಿದ್ದ, ಹಗ್ಗಕ್ಕೆ ಕಟ್ಟುತ್ತಿದ್ದ.

ಯುದ್ಧ ಮುಗಿದು ಎರಡು ವರ್ಷವಾದ ಮೇಲೆ ನಮ್ಮ ಮನೆಯ ಹಗೇವು ತೆಗೆದರು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಮ್ಮ ಭಾವ ಚಿಕ್ಕಬೋರಯ್ಯ ಬಂದಿದ್ದ. ಅವನಿಗೆ ನಮ್ಮೂರಿನ ಹಳೆಯದೇನೂ ತಿಳಿಯದು. ಹೊಂಬಾಳಮ್ಮ ಲಾಟೀನು ಹಿಡಿದು ಬಂದದ್ದು ನೋಡಿ ನಕ್ಕುಬಿಟ್ಟ. ಚಿಕ್ಕಲಕ್ಷ್ಮಮ್ಮ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅಲ್ಲೇ ರಾಗಿ ತೂರಲು ನಿಂತಿದ್ದಳು.

"ಇದೇನಮ್ಮಾ, ಇಂಥಾ ಬಿಸ್ಲಲ್ಲಿ ದೀಪ? ಎಣ್ಣೆ ದಂಡ ಅಲ್ವಾ?"

ನಮ್ಮವ್ವ ಭಾವನ ತೋಳು ಚಿವುಟಿದಳು. ಹೊಂಬಾಳಮ್ಮ ಮಗಳ ಕಡೆ ಒಂದು ಸಲ ನೋಡಿ, ಲಾಟೀನನ್ನು ಮರಿಯಯ್ಯನ ಕೈಗೆ ಕೊಟ್ಟಳು.

"ಎಣ್ಣೆ ಐತೆ ಕಣಪ್ಪ" ಎಂದಳು. "ಬೇಕಾದಷ್ಟು ಐತೆ."